ಜೀಪಿನ ನೆತ್ತಿಗೊಂದು ಹೇರು

ನನ್ನ ಮದುವೆಯ ಸೀರೆ ಆರಿಸಲು ಅರ್ಧ ಗಂಟೆ ಹಿಡಿಯಿತು. ಜೀಪಿನ ತಲೆಯ ಮೇಲಿನ ಕ್ಯಾರಿಯರ್ ಆರಿಸಲು ಒಂದೂವರೆ ತಿಂಗಳು. ಹೇಳಿಕೊಳ್ಳಲು ನಾಚಿಕೆಯಾಗಬೇಕಿತ್ತು, ಆಗುತ್ತಿಲ್ಲ. ಕುರಿಗಾರನ ಮಗಳಾದ ನಾನು ಕೊಟ್ಟೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ಆ ಸಂಬಳದಲ್ಲಿ ನಾಲ್ಕೂ ಗಾಲಿ ಎಳೆಯುವ ಜೀಪು ಕೊಂಡಿದ್ದೇನೆ. ಹಳೆಯದೇ ಇರಲಿ, ನನ್ನದು. ಅದರ ಬೋಳು ನೆತ್ತಿಯನ್ನು ನೋಡಲಾಗುತ್ತಿರಲಿಲ್ಲ, ಅಷ್ಟೇ.

ಕ್ಯಾರಿಯರ್‌ಗಳದ್ದೇ ಒಂದು ಲೋಕವಿದೆ. ಬುಟ್ಟಿಯಂಥದ್ದು, ಮಂಚದಂಥದ್ದು, ಏನೂ ಬೇಡವೆಂದರೆ ಬರೀ ಎರಡು ಅಡ್ಡ ಸರಳು. ಗಾಡಿ ನಿಂತಾಗ ಅದು ಹೊರುವ ಭಾರ ಬೇರೆ, ಓಡುವಾಗ ಹೊರುವ ಭಾರ ಬೇರೆ ಎಂದು ಆಗಲೇ ಗೊತ್ತಾದದ್ದು. ಓಡುವಾಗ ಬಹಳ ಕಡಿಮೆಯಂತೆ. ನನಗೆ ನಮ್ಮ ಹಿಂದಿನ ಹೆಡ್‌ಮಾಸ್ಟರರು ನೆನಪಾದರು. ಕುರ್ಚಿಯಲ್ಲಿ ಕೂತಾಗ ಇಡೀ ಶಾಲೆಯನ್ನೇ ಹೊತ್ತಂತೆ ಕಾಣುತ್ತಿದ್ದ ಅವರಿಗೆ, ಎದ್ದು ನಡೆಯುವಾಗ ಹಾಜರಿ ಪುಸ್ತಕವೂ ಭಾರವಾಗುತ್ತಿತ್ತು. ಕೊನೆಗೆ ನಾನು ಸರಳುಗಳನ್ನೇ ಆರಿಸಿದೆ; ಗಾಳಿಗೆ ಸದ್ದು ಮಾಡುವುದಿಲ್ಲವೆಂಬುದೇ ಅವುಗಳ ಹೆಚ್ಚುಗಾರಿಕೆ. ಹೊಸಪೇಟೆಯ ಅಂಗಡಿಯವನು ಬೋಲ್ಟು ಬಿಗಿಯುತ್ತಾ, "ಮ್ಯಾಲ ಏನು ಹೇರ್ತೀರಿ ಮೇಡಂ?" ಎಂದು ಕೇಳಿದ. "ಅದೂ ಇದೂ" ಎಂದೆ.

ಅದೂ ಬರಲಿಲ್ಲ, ಇದೂ ಬರಲಿಲ್ಲ. ಬೇಸಿಗೆಯಲ್ಲಿ ಅವ್ವ ಅವುಗಳ ಮೇಲೆ ಶ್ಯಾವಿಗೆ ಒಣಹಾಕಿದಳು, "ಕೋಲಿಗಿಂತ ಚಲೋ ಅದಾವ" ಎಂದು ಮೆಚ್ಚಿದಳು ಕೂಡ. ಆದರೆ ನನಗೆ ಬೇಕಾಗಿದ್ದದ್ದು ಅಪ್ಪನ ಮೆಚ್ಚುಗೆ. ವರ್ಷದ ಬಹುಪಾಲು ಕುರಿಗಳ ಹಿಂದೆ ಊರೂರು ಅಲೆಯುವ ಅಪ್ಪ ಒಮ್ಮೆ ಮನೆಗೆ ಬಂದವನು ಜೀಪನ್ನು ಸುತ್ತು ಹಾಕಿ, ಟೈರು ಒತ್ತಿ, ಟಗರಿನ ಹಲ್ಲು ನೋಡುವವನಂತೆ ಬಗ್ಗಿ ನೋಡಿ ಕೇಳಿದ್ದು ಒಂದೇ ಮಾತು. "ಇದು ಏನು ಹೊರ್ತೈತಿ?" ಆಮೇಲೆ ಫೋನ್ ಮಾಡಿದಾಗಲೆಲ್ಲ, "ಗಾಡಿ ಏನರ ಹೊತ್ತೈತೇನ?" ಹೊರದ, ಹಾಲು ಕೊಡದ, ಮರಿ ಹಾಕದ ಯಾವುದಕ್ಕೂ ಮೇವು ಹಾಕಿ ಗೊತ್ತಿಲ್ಲದ ಮನುಷ್ಯ. ನಗುತ್ತಲೇ ಉತ್ತರ ಕೊಡುತ್ತಿದ್ದೆ, ಒಳಗೆ ಚುಚ್ಚುತ್ತಿತ್ತು.

ಈ ಮುಂಗಾರಿನ ಶುರುವಿಗೆ ಒಂದು ಭಾನುವಾರ ಬೆಳಿಗ್ಗೆ ಅಪ್ಪನ ಜತೆಗಿದ್ದ ಕಾಕನ ಫೋನು ಬಂತು. ಹಲವಾಗಲಿನ ಹತ್ತಿರ ಎರೆ ಹೊಲದಲ್ಲಿ ಕುರಿ ತರುಬಿ ಬೀಡು ಬಿಟ್ಟಿದ್ದರು. ಮಳೆ ಹಿಡಿದರೆ ಆ ಕರಿ ಮಣ್ಣಿನ ಕೆಸರಿಗೆ ಕುರಿಗಳ ಗೊರಸು ಕೊಳೆಯುತ್ತದೆ. ಅಷ್ಟರಲ್ಲಿ ಮಸಾರಿಯ ಕೆಂಪು ನೆಲಕ್ಕೆ ಏರಬೇಕು. ಸಾಮಾನು ಹೊರುವ ಕತ್ತೆಗೆ ಕಾಲು ಉಳುಕಿದೆ. ಕರೆಸಿದ ಗೂಡ್ಸ್ ಗಾಡಿಯವನು ರಸ್ತೆಯಲ್ಲೇ ನಿಂತು ಕೆಸರು ನೋಡಿ ವಾಪಸು ಹೋಗಿದ್ದಾನೆ. "ನಿಮ್ಮಪ್ಪ ತಾನಾಗಿ ಕರಿಯಂಗಿಲ್ಲ. ನೀ ಸುಮ್ನ ಬಾ" ಎಂದ ಕಾಕ.

ಹೋದೆ. ನಾಲ್ಕೂ ಗಾಲಿಗೆ ಜೀವ ಕೊಟ್ಟು ಆ ಕೆಸರು ದಾಟಿ ಅಪ್ಪನ ಮುಂದೆ ನಿಂತಾಗ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಸೀಟ್ ಬೆಲ್ಟು ಬಿಗಿಯಾಗಿತ್ತು. ಸರಳಿಗೆ ಭಾರ ಹೇಗೆ ಹಂಚಬೇಕೆಂದು ನಾನು ಪಾಠ ಶುರು ಮಾಡಿದೆ. "ಹೇರು ಕಟ್ಟೋದು ನನಗ ಬಿಡು ಯವ್ವಾ. ನೀ ಗಾಡಿ ಹಿಡಿ" ಎಂದ ಅಪ್ಪ. ಮೊದಲು ಸರಳುಗಳ ಮೇಲೆ ಹಳೆಯ ಕರಿ ಕಂಬಳಿ ಹಾಸಿದ. ಕುರಿದೊಡ್ಡಿಯ ಬಲೆ, ಗೂಟ, ಪಾತ್ರೆ, ಹಿಟ್ಟಿನ ಚೀಲಗಳನ್ನೆಲ್ಲ ಎರಡು ಸಮ ಗಂಟು ಮಾಡಿದ. ಒಂದೊಂದನ್ನೇ ಎತ್ತಿ ತೂಗಿ ನೋಡಿ, ಎಡಗಡೆಯದು ಹಗುರವೆಂದು ಉಪ್ಪಿನ ಗಂಟನ್ನು ಅತ್ತ ಸೇರಿಸಿದ. ಆಮೇಲೆ ಎರಡನ್ನೂ ಜೀಪಿನ ಆಚೆಗೊಂದು ಈಚೆಗೊಂದು ಇಳಿಬಿಟ್ಟು ಬಿಗಿದ. ಹಗ್ಗವನ್ನು ಅದರ ಹೊಟ್ಟೆಯ ಕೆಳಗಿಂದ ತರಲು ಬಗ್ಗಿದಾಗ ಮಾತ್ರ ಕೈ ಹಿಡಿದು ತಡೆದೆ.

"ಇನ್ನ ಏರು" ಎಂದ.

ಎಲ್ಲಿಂದ ಏರುವುದು? ಎರಡೂ ಕಡೆಯ ಬಾಗಿಲುಗಳು ಗಂಟಿನ ಹಿಂದೆ ಮಾಯವಾಗಿದ್ದವು. ಅಪ್ಪ ಸ್ವಲ್ಪ ಹೊತ್ತು ಬಾಗಿಲಿದ್ದ ಕಡೆ ನೋಡಿದ. ಐವತ್ತು ವರ್ಷ ಹೇರು ಕಟ್ಟಿದವನು, ಕತ್ತೆಗೆ ಬಾಗಿಲಿರುವುದನ್ನು ಎಲ್ಲಿ ಕಂಡಿದ್ದಾನೆ! ಕಾಕ ಆ ಕಡೆ ತಿರುಗಿ ಕೆಮ್ಮಿದ. ಬಿಚ್ಚೋಣವೆಂದರೆ, ಕಟ್ಟಿದ ಹೇರನ್ನು ಮುಂದಿನ ಬೀಡು ಮುಟ್ಟುವ ತನಕ ಬಿಚ್ಚುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ. ಹಾಗಾಗಿ ನಲವತ್ತೆರಡರ ಈ ವಿಜ್ಞಾನ ಶಿಕ್ಷಕಿ ಹಿಂಬಾಗಿಲಿನಿಂದ ನುಗ್ಗಿ, ಹಿಂದಿನ ಸೀಟಿನಲ್ಲಿ ಕೂರಿಸಿದ್ದ ನಾಲ್ಕು ಎಳೆ ಮರಿಗಳನ್ನು ದಾಟಿ, ಸ್ಟೇರಿಂಗಿನ ಹಿಂದೆ ಬಿದ್ದಳು.

ಸಂಜೆಯವರೆಗೆ ಕುರಿಗಳ ಹಿಂದೆ ಕುರಿಗಳ ನಡಿಗೆಯಲ್ಲೇ ಜೀಪು ನಡೆಸಿದೆ. ಹೇರಿಲ್ಲದ ಕತ್ತೆ ಕುಂಟುತ್ತಾ ಪಕ್ಕದಲ್ಲಿ ಬಂತು. ಎಷ್ಟು ತಗ್ಗು ದಿನ್ನೆ ಹತ್ತಿಳಿದರೂ ಒಂದು ಗಂಟೂ ಅಲುಗಲಿಲ್ಲ. ಭಾರ ಕೆಳಗಿದ್ದಷ್ಟೂ ಗಾಡಿ ಉರುಳುವುದಿಲ್ಲವೆಂದು ಒಂಬತ್ತನೇ ತರಗತಿಗೆ ಪ್ರತಿವರ್ಷ ಚಿತ್ರ ಬರೆದು ಹೇಳುವ ನಾನು, ಅದೇ ಭಾರವನ್ನು ನೆತ್ತಿಯ ಮೇಲೆ ಗೋಪುರದಂತೆ ಕಟ್ಟಲು ಹೊರಟಿದ್ದೆನಲ್ಲ ಎಂದು ನಗು ಬಂತು. ಮಸಾರಿ ಮುಟ್ಟಿದಾಗ ಅಲ್ಲಿ ಮೊದಲೇ ಬೀಡು ಬಿಟ್ಟಿದ್ದ ಕುರಿಗಾರನೊಬ್ಬ ಕೇಳಿದ, "ಮಾವ, ಇದ್ಯಾರದು ಗಾಡಿ?"

"ನನ್ನ ಮಗಳದು" ಎಂದ ಅಪ್ಪ. ಅಷ್ಟಕ್ಕೇ ನಿಲ್ಲಿಸದೆ ದನಿ ಎತ್ತರಿಸಿದ. "ಒದಿಯಂಗಿಲ್ಲ, ಒದರಂಗಿಲ್ಲ, ಕೆಸರಿಗೂ ಅಂಜಂಗಿಲ್ಲ. ಎಷ್ಟು ಹೊತ್ತೈತಿ ನೋಡು!"

ಹೇರು ಇಳಿಸಿದ ಮೇಲೆ ಕಂಬಳಿ ಎಳೆದು ಮಡಚಲು ಹೋದೆ. ಅಪ್ಪ ಬೇಡವೆಂದ. "ಅದಕ್ಕ ಇರ್ಲಿ. ಹೊರೋದರ ಬೆನ್ನು ಬರಿದಿಡಬಾರ್ದು." ತಾನೇ ಅದನ್ನು ಸರಳುಗಳಿಗೆ ಬಿಗಿದು ಕಟ್ಟಿದ.

ಕಂಬಳಿ ಇನ್ನೂ ಅಲ್ಲೇ ಇದೆ. ಜೀಪು ವೇಗ ಹಿಡಿದರೆ ಅದರ ಅಂಚು ಗಾಳಿಗೆ ಪಟಪಟ ಬಡಿಯುತ್ತದೆ. ಕೊಟ್ಟೂರಿನ ಜನ ತಿರುಗಿ ನೋಡುತ್ತಾರೆ. ಸದ್ದು ಮಾಡದ ಸರಳಿಗಾಗಿ ಒಂದೂವರೆ ತಿಂಗಳು ತಲೆ ಕೆಡಿಸಿಕೊಂಡವಳು ನಾನು. ಈಗ ಕಿಟಕಿ ಇಳಿಸಿಕೊಂಡೇ ಓಡಿಸುತ್ತೇನೆ, ಆ ಸದ್ದು ಚೆನ್ನಾಗಿ ಕೇಳಲಿ ಎಂದು.