ಹೊಟ್ಟಿನ ಬೂದಿ, ಒಂದು ಕುರ್ಚಿ

ಸಭೆಯಲ್ಲಿ ಕುರ್ಚಿ ಎಸೆದದ್ದು ನನ್ನ ಸೋದರಮಾವ. ಪತ್ರಿಕೆಯವರು ‘ಕಿಡಿಗೇಡಿಗಳು’ ಎಂದು ಬಹುವಚನದಲ್ಲಿ ಬರೆದರು. ತಪ್ಪು. ಒಬ್ಬನೇ, ಅದೂ ಒಂದೇ ಕಣ್ಣಿನವನು.

ಬಲಗಣ್ಣು ಹೋದದ್ದು ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯಲ್ಲಿ. ಅಲ್ಲಿ ಭತ್ತದ ಹೊಟ್ಟು ಸುಟ್ಟು ಕರೆಂಟು ಮಾಡುವ ಸ್ಥಾವರವಿದೆ. ಬೈಕಿನಲ್ಲಿ ಹೋಗುತ್ತಿದ್ದವನ ಕಣ್ಣಿಗೆ ಅದರ ಚಿಮಣಿಯ ಬೂದಿ ಹೊಕ್ಕಿತು. ಉಜ್ಜಿಕೊಂಡ. ಗಾಜಿನ ಪುಡಿಯಂತೆ ಕೊಯ್ದು, ಕೀವಾಗಿ, ಬಿಳಿ ಪೊರೆ ಕೂತುಬಿಟ್ಟಿತು. ಈಗ ಅದೇ ಸ್ಥಾವರ ಎರಡನೇ ಬಾಯ್ಲರ್‌ಗೆ ಅನುಮತಿ ಕೇಳಿತ್ತು. ಕೊಡುವ ಮುಂಚೆ ಜನರ ಮಾತು ಕೇಳಬೇಕೆಂಬ ನಿಯಮವಿದ್ದುದರಿಂದ ಸಿಂಧನೂರಿನ ಕಲ್ಯಾಣಮಂಟಪದಲ್ಲಿ ಸಭೆ.

ಸ್ಥಾವರದವರು ದೂರದ ಊರಿನ ಶಾಸಕರೊಬ್ಬರನ್ನು ಕರೆಸಿದ್ದರು. ಸುಳ್ಳೇಕೆ, ಅವರ ಅರ್ಧ ವಾದ ನನಗೂ ಒಪ್ಪಿಗೆಯೇ. “ಕಲ್ಲಿದ್ದಲಿಗೆ ಪರದೇಶದವ್ರ ಮುಂದ ಕೈ ಒಡ್ಡಬೇಕೇನ್ರಿ? ದೇಶದ ಇಂಧನ ನೀತಿ ಅಂದ್ರ ಇದಾ. ನಮ್ಮ ಹೊಟ್ಟು, ನಮ್ಮ ಕರೆಂಟು!” ಲಿಂಗಸುಗೂರಿನ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನೇ ಹೀಗೆ ವಾದಿಸಿ ಗೆದ್ದಿದ್ದೆ. ತಕರಾರು ಉಳಿದರ್ಧದ ಮೇಲೆ. “ಈ ಪರಿಸರ ಕಾನೂನು ಅದಾವಲ್ಲ, ಓಡೋ ಎತ್ತಿನ ಕಾಲಿಗೆ ಕಟ್ಟಿದ ಹಗ್ಗ. ಇಂಥಾ ಸಭಾನೂ ದಂಡ. ಜನ ಕೂಡಿದಲ್ಲೆ ಬರೇ ಗದ್ದಲ.”

ನಾನು ಎದ್ದೆ.

“ಸರ, ಒಂದಾ ಪ್ರಶ್ನಿ. ಬೂದಿ ಹಿಡಿಯೋ ಯಂತ್ರ ಅಲ್ಲಿ ಐತಿ. ಕತ್ತಲಾದ ಮ್ಯಾಲ ಬಂದ್ ಇಡ್ತಾರ, ಕರೆಂಟ್ ಉಳಿಸಾಕ. ಅದನ್ನ ಹಗಲೂ ರಾತ್ರಿ ಓಡಿಸಬೇಕು ಅನ್ನೋ ನಿಯಮ ನಿಮಗ ಬೇಕೋ, ಬ್ಯಾಡೋ?”

“ತಂಗೀ, ಭಾಳ ಓದಿದಾಕಿ ಕಾಣ್ತಿ.”

“ಬೇಕೋ, ಬ್ಯಾಡೋ?”

ಶಾಸಕರು ನನ್ನ ಹಿಂದಿನ ಸಾಲಿನತ್ತ ನೋಡಿ ಸಣ್ಣಗೆ ನಕ್ಕರು. ಪಕ್ಕದಲ್ಲಿದ್ದ ಪರಿಸರ ಅಧಿಕಾರಿ ಕನ್ನಡಕ ಸರಿಪಡಿಸಿಕೊಂಡು, “ಸರ್, ಇದಕ್ಕೆ ತಾವು ಉತ್ತರ ಕೊಡಬೇಕಾಗುತ್ತೆ” ಎಂದರು. ಚರ್ಚಾಸ್ಪರ್ಧೆಯಲ್ಲಿ ಎದುರಾಳಿಯ ಮೌನಕ್ಕೂ ಅಂಕವಿದೆ. ನಾನು ಗೆದ್ದಾಗಿತ್ತು.

ಆಗ ಕಬ್ಬಿಣದ ಮಡಚು ಕುರ್ಚಿ ನನ್ನ ತಲೆಯ ಮೇಲಿಂದ ಹಾರಿತು. ಶಾಸಕರಿಗೆ ತಾಗಲಿಲ್ಲ. ಅಧಿಕಾರಿಯ ಮುಖಕ್ಕೆ ಬಡಿಯಿತು. ಕನ್ನಡಕದ ಚೂರು ಹುಬ್ಬಿನಲ್ಲಿ ನಟ್ಟು, ಮೇಜಿನ ಬಿಳಿ ಬಟ್ಟೆ ಕೆಂಪಾಯಿತು.

“ಹಿಡೀರಲೇ ಆ ಒಕ್ಕಣ್ಣನ್ನ!”

ಸ್ಥಾವರದ ಹುಡುಗರು ಮಾವನನ್ನು ಕೆಡವಿ ತುಳಿದರು. ಪಕ್ಕೆಲುಬು ಲಟಕ್ಕೆಂದದ್ದು ನನಗೆ ಕೇಳಿಸಿತು. ಒಬ್ಬನಂತೂ ನೋಡಿಕೊಂಡೇ, ಉಳಿದಿದ್ದ ಎಡಗಣ್ಣಿಗೆ ಬೂಟುಗಾಲಿನಿಂದ ಒದ್ದ. ನಾನು ಅವನ ಮುಂಗೈ ಕಚ್ಚಿದೆ. ಬಾಯಿಗೆ ರಕ್ತ ಬರುವವರೆಗೆ ಬಿಡಲಿಲ್ಲ. ಪೊಲೀಸರ ಲಾಠಿ ಯಾರು ಯಾವ ಪಕ್ಷವೆಂದು ಕೇಳಲಿಲ್ಲ. ನನ್ನ ಮೊಣಕೈ ಇಂದಿಗೂ ನೆಟ್ಟಗಾಗುವುದಿಲ್ಲ.

ಎಲ್ಲದರ ಮೇಲೆ ಶಾಸಕರ ಮೈಕು: “ನೋಡ್ರಿ! ಇದಕ್ಕಾ ನಾ ಸಭಾ ಬ್ಯಾಡ ಅಂದದ್ದು!”

ಅವರ ವಾದಕ್ಕೆ ಇಲ್ಲದ ಪುರಾವೆಯನ್ನು ನಾವೇ ಒದಗಿಸಿದ್ದೆವು. ಸಭೆ ಅಲ್ಲಿಗೇ ಮುಗಿಯಿತು.

ದವಾಖಾನೆಯಲ್ಲಿ ಮಾವನ ಕೈಗೂ ಮಂಚಕ್ಕೂ ಬೇಡಿ, ಬಾಗಿಲಲ್ಲಿ ಪೊಲೀಸ. ಎಡಗಣ್ಣು ಬದನೆಕಾಯಿಯಂತೆ ಊದಿತ್ತು. ಬಾವು ಇಳಿಯುವವರೆಗೆ ದೃಷ್ಟಿಯ ಮಾತು ಹೇಳಲಾಗದೆಂದರು ಡಾಕ್ಟರು. ನಾನು ಆಗಲೂ ವಾದ ಬಿಡಲಿಲ್ಲ.

“ಮಾಮಾ, ಆಂವ ಸಿಕ್ಕೊಂಡಿದ್ದ. ಇನ್ನೊಂದ್ ಗಳಿಗಿ ತಡಕೊಂಡಿದ್ರ…”

“ನೀ ಆಂವನ ಉತ್ತರ ಕಾಯಾಕತ್ತಿದ್ದಿ, ಯವ್ವಾ. ಆಂವ ನನ್ನ ಕಣ್ಣು ನೋಡಿ ನಗಾಕತ್ತಿದ್ದ.”

“ನಗಲಿ! ನೀ ಹೊಡದದ್ದು ಯಾರಿಗೆ ಗೊತ್ತೈತೇನು? ನಮ್ಮ ಪರ ಮಾತಾಡಿದ ಒಬ್ಬನಾ ಒಬ್ಬಗ.”

ಮಾವ ಬೇಡಿಯಿಲ್ಲದ ಕೈಯಿಂದ ಊದಿದ ಕಣ್ಣು ಮುಟ್ಟಿಕೊಂಡ.

“ಒಂದಾ ಕಣ್ಣಿಗೆ ದೂರ ತಿಳಿಯಂಗಿಲ್ಲ. ಆಂವ ಭಾಳ ಹತ್ರ ಕಂಡ.”

ಬಾವು ಇಳಿದ ದಿನ ಡಾಕ್ಟರು ಎರಡು ಬೆರಳಿನಿಂದ ರೆಪ್ಪೆ ಬಿಡಿಸಿದರು. ಮಾವನ ಹೆಂಡತಿ ನನ್ನ ನೋಯುವ ಕೈಯನ್ನೇ ಹಿಸುಕಿ ಹಿಡಿದಿದ್ದಳು. “ಏನರ ಕಾಣ್ತೈತೇನ್ರಿ?”

ಮಾವ ಕಣ್ಣು ಕಿರಿದು ಮಾಡಿ ಬಾಗಿಲಿನತ್ತ ನೋಡಿದ.

“ಪೊಲೀಸಪ್ಪನ ಟೊಪಿಗಿ ಮ್ಯಾಲ ಬೂದಿ.”

ಪೊಲೀಸ ಟೊಪ್ಪಿಗೆ ತೆಗೆದು ನೋಡಿ, ಉಫ್ ಎಂದು ಊದಿದ.