ಮದುವೆಗೊಂದು ಮೇಜು, ತಿಥಿಗೊಂದು ಮೇಜು

ತಳಕಿನ ಬಸ್ ನಿಲ್ದಾಣದ ಹತ್ತಿರ, ಗೊಬ್ಬರದ ಅಂಗಡಿಗೂ ಕ್ಷೌರದ ಅಂಗಡಿಗೂ ನಡುವೆ, ಹಸಿರು ಬಾಗಿಲಿನ ಒಂದು ಸಣ್ಣ ಕೋಣೆಯಿದೆ. ‘ಉಚ್ಚಂಗೆಮ್ಮ ಡಿ.ಟಿ.ಪಿ. ಮತ್ತು ಜೆರಾಕ್ಸ್’ ಎಂಬ ಬೋರ್ಡು ಅದರ ನೆತ್ತಿಯ ಮೇಲೆ. ಸುತ್ತಲಿನ ಹಳ್ಳಿಗಳಲ್ಲಿ ಯಾರಿಗೆ ಮದುವೆ ಗೊತ್ತಾದರೂ, ಯಾರು ತೀರಿಕೊಂಡರೂ, ಯಾರ ಕೂಸಿಗೆ ಹೆಸರಿಟ್ಟರೂ ಸುದ್ದಿ ನೆಂಟರಿಗಿಂತ ಮೊದಲು ಈ ಕೋಣೆಗೆ ಬರುತ್ತದೆ. ಕಾರ್ಡು ಆಗಬೇಕಲ್ಲ.

ಉಚ್ಚಂಗೆಮ್ಮ ಹುಡುಗಿಯಾಗಿದ್ದಾಗ ಚಳ್ಳಕೆರೆಯಲ್ಲಿ ಟೈಪಿಂಗ್ ಕಲಿತವಳು. ತಳಕಿನ ಗಾದ್ರಪ್ಪನನ್ನು ಮದುವೆಯಾಗಿ ಬಂದ ಮೇಲೂ ಬೆರಳು ಸುಮ್ಮನಿರಲಿಲ್ಲ. ಗಾದ್ರಪ್ಪ ಕುರಿ ಮತ್ತು ಶೇಂಗಾ ನೋಡಿಕೊಂಡ, ಇವಳು ಅಂಗಡಿ ತೆರೆದಳು. ಅವಳಿಗೆ ಒಂದು ಗುಣವಿತ್ತು: ಕೊಟ್ಟದ್ದನ್ನು ಕೊಟ್ಟ ಹಾಗೆ ಟೈಪ್ ಮಾಡುತ್ತಿರಲಿಲ್ಲ. ಕಾಗುಣಿತ ತಿದ್ದುವುದಂತೂ ಸರಿಯೇ, ಮನುಷ್ಯರನ್ನೂ ತಿದ್ದುತ್ತಿದ್ದಳು. ಲಗ್ನಪತ್ರಿಕೆಯ ಕೊನೆಯಲ್ಲಿ ‘ಸುಖಾಗಮನ ಬಯಸುವವರು’ ಎಂದು ಇಡೀ ಊರಿನ ಹೆಸರು ತಂದವರಿಗೆ, “ಇಷ್ಟು ಜನ ಬಯಸೋಕೆ ನಿಂತ್ರೆ ಬರೋರು ಯಾರಪ್ಪ?” ಎಂದು ಕೇಳಿ ಅರ್ಧ ಹೆಸರು ಹೊಡೆದುಹಾಕುತ್ತಿದ್ದಳು. ಜನ ಗೊಣಗುತ್ತಿದ್ದರು, ಆದರೆ ಇನ್ನೊಂದು ಮದುವೆಗೆ ಮತ್ತೆ ಇಲ್ಲಿಗೇ ಬರುತ್ತಿದ್ದರು.

ಇಂಥವಳು ಯಾರನ್ನೂ ಕಾಯದಿದ್ದರೂ ತನ್ನ ಕಂಪ್ಯೂಟರನ್ನು ಮಾತ್ರ ಕಾಯುತ್ತಿದ್ದಳು. ಬೆಳಿಗ್ಗೆ ಬಂದು ಸ್ವಿಚ್ ಒತ್ತುವಳು. ಕಸ ಗುಡಿಸುವಳು, ನೀರು ಚಿಮುಕಿಸಿ ರಂಗೋಲಿ ಹಾಕುವಳು, ಊದಿನಕಡ್ಡಿ ಹಚ್ಚುವಳು. ತಿರುಗಿ ನೋಡಿದರೆ ಪರದೆಯ ಮೇಲೆ ಚಕ್ರ ಇನ್ನೂ ಸುತ್ತುತ್ತಲೇ ಇರುತ್ತಿತ್ತು. ಹೊಲಕ್ಕೆ ಹೊರಟ ಗಾದ್ರಪ್ಪ ಬಾಗಿಲಲ್ಲಿ ಇಣುಕಿ, “ನಮ್ಮ ಬೋರಿನ ಮೋಟ್ರು ಕರೆಂಟಿಲ್ದೆನೇ ಇದಕ್ಕಿಂತ ಬಿರ್ರನೆ ನೀರೆತ್ತುತ್ತೆ ಬಿಡು” ಎನ್ನುತ್ತಿದ್ದ.

ಕೊನೆಗೂ ಪರದೆ ತೆರೆದುಕೊಂಡರೆ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿನ್ನೆಲೆಯಲ್ಲಿ ಉಚ್ಚಂಗಿ ಅಮ್ಮನ ಚಿತ್ರ ಇಟ್ಟಿದ್ದಳು. ಅದರ ಮೇಲೆ ‘ಮದುವೆ ಹೊಸದು’, ‘ಮದುವೆ ಹೊಸದು ಸರಿಯಾದದ್ದು’, ‘ಕೊನೇದು’, ‘ಇದೇ ಕೊನೇದು’ ಎಂದು ಫೈಲುಗಳು ಅಂಟಿಕೊಂಡು, ಅಮ್ಮನ ಕಿರೀಟದ ತುದಿ ಮಾತ್ರ ಕಾಣುತ್ತಿತ್ತು.

ಹೀಗೇ ನಡೆಯುತ್ತಿದ್ದ ಕೆಲಸಕ್ಕೆ ತಡೆ ಬಿದ್ದದ್ದು ದೇವಸಮುದ್ರದ ರಂಗಕ್ಕನಿಂದ.

ರಂಗಕ್ಕ ಮೊಮ್ಮಗಳು ಹರ್ಷಿತಾಳ ಲಗ್ನಪತ್ರಿಕೆ ಬರೆಸಲು ಬಂದಿದ್ದಳು. ಅರ್ಧ ಕನ್ನಡ, ಅರ್ಧ ತೆಲುಗು ಮಾತಾಡುವ ಗಟ್ಟಿ ಮುದುಕಿ. ಉಚ್ಚಂಗೆಮ್ಮನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು, ಎಲೆ ಅಡಿಕೆ ಜಗಿಯುತ್ತ ಒಂದೊಂದೇ ಹೆಸರು ಹೇಳುತ್ತಿದ್ದಳು. ಅವತ್ತೇ ಬೆಳಿಗ್ಗೆ ಬೇರೆಯವರು ತಮ್ಮ ತಂದೆ ಮರುಳಪ್ಪನವರ ವೈಕುಂಠ ಸಮಾರಾಧನೆಯ ಕಾರ್ಡು ಕೊಟ್ಟುಹೋಗಿದ್ದರು. ಅದು ಹಿಂದೆ ತೆರೆದೇ ಇತ್ತು. ‘ಚಿ.ಸೌ. ಹರ್ಷಿತಾ’ ಎಂದು ಬರೆದು ಉಚ್ಚಂಗೆಮ್ಮ ಒಂದು ಗಣಪತಿ ಚಿತ್ರ ಹುಡುಕಲು ಹೋದಳು. ಎರಡು ಫೈಲಿನ ಭಾರ ತಾಳದ ಕಂಪ್ಯೂಟರು ಒಮ್ಮೆ ಉಸಿರು ಬಿಟ್ಟಿತು. ಗಣಪತಿಯ ಬದಲು, ಹಾರ ಹಾಕಿಕೊಂಡ ಮರುಳಪ್ಪನವರು ಹರ್ಷಿತಾಳ ಹೆಸರಿನ ಮೇಲೆ ಎದ್ದು ಬಂದು ಅಲ್ಲೇ ನಿಂತುಬಿಟ್ಟರು. ಮೌಸ್ ಎಳೆದರೆ ಕದಲಲಿಲ್ಲ, ಕೀಲಿಮಣೆ ಕುಟ್ಟಿದರೆ ಕೇಳಲಿಲ್ಲ. ಮೀಸೆಯ ಅಡಿಯಲ್ಲಿ ಸಣ್ಣಗೆ ನಗುತ್ತಲೇ ಇದ್ದರು.

ರಂಗಕ್ಕ ಕುರ್ಚಿಯಿಂದ ಎದ್ದಳು.

“ಅಯ್ಯೋ ದೇವುಡಾ! ಯಾರೇ ಇವ್ರು?”

“ತಳಕಿನ ಮರುಳಪ್ಪನೋರು ರಂಗಕ್ಕ. ಹೋದ ವಾರ ತೀರ್ಕೊಂಡ್ರು. ಒಂಚೂರು ತಡೀರಿ, ಹೋಗ್ತಾರೆ.”

“ಹೋದೋರು ಮತ್ತೆ ಯಾಕೆ ಬಂದ್ರು? ನಮ್ಮ ಹುಡುಗಿ ಹೆಸರಿನ ಮ್ಯಾಲೆ ಬಂದು ನಿಂತವ್ರಲ್ಲೇ! ಸೂತಕದ ಮನೇಲಿ ಹಸೆಮಣೆ ಹಾಕ್ತಾರೇನೇ?”

“ಕಂಪ್ಯೂಟ್ರು ನಿಧಾನ ಐತಿರಿ, ಅದಕ್ಕೇ...”

“ನಿಧಾನ ಇದ್ರೆ ಇರ್ಲಿ. ಬೇರೆ ಜಾಗ ಮಾಡು, ಬರ್ತೀನಿ. ಇಲ್ದಿದ್ರೆ ಬಳ್ಳಾರೀಲಿ ಮಾಡಿಸ್ಕೋತೀನಿ.” ಚೀಲ ಬಗಲಿಗೇರಿಸಿ ರಂಗಕ್ಕ ಬಸ್ಸಿಗೆ ಹೊರಟೇಬಿಟ್ಟಳು.

ಉಚ್ಚಂಗೆಮ್ಮನಿಗೆ ಮೊದಲು ಸಿಟ್ಟು ಬಂತು. ಆಮೇಲೆ, ತನ್ನ ಮದುವೆಯ ಕಾರ್ಡಿನ ಮೇಲೇ ಯಾರೋ ಹಾರ ಹಾಕಿಕೊಂಡು ಎದ್ದು ಬಂದಿದ್ದರೆ ಅವ್ವ ಸುಮ್ಮನಿರುತ್ತಿದ್ದಳೇ ಎಂದು ಯೋಚಿಸಿದಳು. ಇರುತ್ತಿರಲಿಲ್ಲ. ಬಳ್ಳಾರಿ ಎಂಬ ಮಾತಂತೂ ಎದೆಗೇ ಚುಚ್ಚಿತ್ತು.

ಮರುದಿನ ಕಂಪ್ಯೂಟರಿನ ಪೆಟ್ಟಿಗೆಯನ್ನು ಗಾದ್ರಪ್ಪನ ಕಂಬಳಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಚಳ್ಳಕೆರೆಯ ಬಸ್ಸು ಹತ್ತಿದಳು. ಕಂಡಕ್ಟರು ಬಗ್ಗಿ ನೋಡಿ, “ಕೂಸಿಗೆ ಹುಷಾರಿಲ್ವಾ ಅಮ್ಮ?” ಎಂದ. “ಕೂಸಲ್ಲ, ಮುದುಕ. ಆಸ್ಪತ್ರೆಗೇ ಹೊಂಟೀವಿ” ಎಂದಳು.

ಚಳ್ಳಕೆರೆಯ ಪೇಟೆಯಲ್ಲಿ, ಎಣ್ಣೆ ಅಂಗಡಿಯ ಮಹಡಿಯ ಮೇಲೆ ತೇಜಶ್ರೀ ಎಂಬ ಹುಡುಗಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದಳು. ಡಿಪ್ಲೊಮಾ ಓದಿದವಳು, ಬಾಯಿಯೂ ಕೈಯಷ್ಟೇ ಚುರುಕು. ಪೆಟ್ಟಿಗೆಯ ಮುಚ್ಚಳ ತೆಗೆದವಳು ಒಳಗಿಂದ ಒಂದು ಹಿಡಿ ಶೇಂಗಾ ಸಿಪ್ಪೆ ಈಚೆ ತೆಗೆದಳು.

“ಅಕ್ಕ, ಇದ್ರೊಳಗೆ ಇಲಿ ಸಂಸಾರ ಮಾಡೈತೆ.”

“ಎಲ್ಲಿ?”

“ಈಗಿಲ್ಲ. ನಿಧಾನ ಐತೆ ಅಂತ ಅದೂ ಬೇಜಾರಾಗಿ ಹೋಗೈತೆ.”

ಉಚ್ಚಂಗೆಮ್ಮ ನಗಲಿಲ್ಲ. “ಹೊಸಾದೇ ತಗೋಬೇಕಾ?” ಎಂದು ಕೇಳಿದಳು.

“ಬ್ಯಾಡ. ಇದಕ್ಕೆ ವಯಸ್ಸಾಗಿಲ್ಲ ಅಕ್ಕ, ಜಾಗ ಸಾಲ್ತಿಲ್ಲ. ಅಂಗೈ ಅಗಲದ ಪಡಸಾಲೇಲಿ ಮದುವೆ ಊಟ ಬಡಿಸ್ತಿದೀರಿ. ರ‍್ಯಾಮ್ ಜಾಸ್ತಿ ಮಾಡಿದ್ರೆ ಪಡಸಾಲೆ ದೊಡ್ಡದಾಗ್ತೈತೆ. ಈ ಹಳೇ ಹಾರ್ಡ್ ಡಿಸ್ಕ್ ಐತಲ್ಲ, ಇದು ಒಳಗೆ ಚಕ್ರದಂಗೆ ತಿರುಗಿ ತಿರುಗಿ ಹುಡುಕ್ತೈತೆ. ಅದರ ಬದ್ಲು ತಿರುಗ್ದೇ ಇರೋ ಎಸ್‌ಎಸ್‌ಡಿ ಹಾಕ್ತೀನಿ, ಕೇಳಿದ್ದು ತಕ್ಷಣ ಎತ್ತಿಕೊಡ್ತೈತೆ. ನಿಮ್ಮ ವಿಂಡೋಸ್ ಹಳೇದು, ಅಪ್‌ಡೇಟ್ ಬರೋದೂ ನಿಂತೈತೆ. ಹೊಸದು ಈ ಪೆಟ್ಟಿಗೆಗೆ ಒಗ್ಗುತ್ತೆ, ನೋಡೀನಿ.”

“ನನ್ನ ಫೈಲು? ಒಂದು ಕೊಂಬು ಹೋದ್ರೂ ನಿನ್ನ ಬಿಡಲ್ಲ ನೋಡು.”

ತೇಜಶ್ರೀ ಮೊದಲು ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ತುಂಬಿ ಅವಳ ಕಣ್ಣೆದುರೇ ತೆರೆದು ತೋರಿಸಿದಳು. ಆಮೇಲೆ ಧೂಳು ಊದಿ, ರ‍್ಯಾಮಿನ ಪಟ್ಟಿಗಳನ್ನು ಕೂರಿಸಿ, ಹಳೆಯ ಡಿಸ್ಕು ಬಿಚ್ಚಿ, ಬೆಂಕಿಪೊಟ್ಟಣದಷ್ಟು ತೆಳ್ಳಗಿನ ಹೊಸದನ್ನು ಹಾಕಿದಳು. ಉಚ್ಚಂಗೆಮ್ಮ ಅಲ್ಲೇ ಕೂತು ಮಂಡಕ್ಕಿ ಮೆಣಸಿನಕಾಯಿ ತಿಂದಳು, ಎರಡು ಸಲ ಟೀ ಕುಡಿದಳು. ಮಧ್ಯಾಹ್ನದ ಹೊತ್ತಿಗೆ ತೇಜಶ್ರೀ, “ಒತ್ರಿ ಅಕ್ಕ ಸ್ವಿಚ್ಚು” ಎಂದಳು.

ಉಚ್ಚಂಗೆಮ್ಮ ಒತ್ತಿ, ಅಭ್ಯಾಸದಂತೆ ಕಸಬರಿಗೆ ಹುಡುಕುವವಳ ಹಾಗೆ ಅತ್ತ ತಿರುಗಿದಳು. ಇತ್ತ ತಿರುಗುವಷ್ಟರಲ್ಲಿ ಕಂಪ್ಯೂಟರು ಎದ್ದು ಕೂತಿತ್ತು.

“ನೀನು ಆಫೇ ಮಾಡಿರ್ಲಿಲ್ಲ ಅನ್ನು.”

“ನೀವೇ ಮಾಡಿ ನೋಡ್ರಿ.”

ಮಾಡಿದಳು. ಮತ್ತೆ ಹಚ್ಚಿದಳು. ಇನ್ನೊಮ್ಮೆ ಆರಿಸಿ ಹಚ್ಚಿದಳು. ಹೊಸ ಲೈಟರು ಸಿಕ್ಕವರ ಹಾಗೆ ಹಚ್ಚುತ್ತಲೂ ಆರಿಸುತ್ತಲೂ ಕೂತವಳಿಗೆ ರಂಗಕ್ಕನ ಮಾತು ನೆನಪಾಯಿತು. ನಡೆದದ್ದನ್ನೆಲ್ಲ ಹೇಳಿ, ಮದುವೆಗೆ ಬೇರೆ ಕಂಪ್ಯೂಟರೇ ಬೇಕೇನೋ ಎಂದಳು. ತೇಜಶ್ರೀ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು.

“ಅದಕ್ಯಾಕೆ ಬೇರೆ ಕಂಪ್ಯೂಟ್ರು? ಬೇರೆ ಡೆಸ್ಕ್‌ಟಾಪ್ ಮಾಡ್ಕೊಳ್ರಿ, ಪರದೆ ಒಳಗೇ ಇನ್ನೊಂದು ಮೇಜು ಇಟ್ಟಂಗೆ. ಇದ್ರಲ್ಲೇ ಐತೆ. ವಿಂಡೋಸ್ ಕೀ, ಕಂಟ್ರೋಲು, ಎರಡೂ ಹಿಡಿದು ‘ಡಿ’ ಒತ್ರಿ.”

ಒತ್ತಿದೊಡನೆ ಪರದೆ ಜಾರಿ, ಏನೂ ತೆರೆಯದ ಹೊಸ ಮೇಜೊಂದು ಬಂದು ನಿಂತಿತು. ಅದೇ ಎರಡು ಕೀ ಹಿಡಿದು ಎಡ ಬಾಣ ಒತ್ತಿದರೆ ಹಳೆಯದು, ಬಲ ಬಾಣ ಒತ್ತಿದರೆ ಹೊಸದು. ಒಂದರಲ್ಲಿ ತೆರೆದದ್ದು ಇನ್ನೊಂದರಲ್ಲಿ ಕಾಣದು. ಒಂದೊಂದಕ್ಕೂ ಬೇರೆ ಬೇರೆ ಚಿತ್ರ ಹಾಕಬಹುದು. ತೇಜಶ್ರೀ ಇನ್ನೊಂದು ಮೇಜನ್ನೂ ತೆರೆದು, ಮದುವೆಯದಕ್ಕೆ ಮಾವಿನ ತೋರಣ ಹಾಕಿದಳು, ತಿಥಿಯದಕ್ಕೆ ಒಂದು ದೀಪ. ಚೆಲ್ಲಾಡಿದ್ದ ಫೈಲುಗಳನ್ನೆಲ್ಲ ಫೋಲ್ಡರುಗಳಿಗೆ ತುಂಬಿದಾಗ, ಮೊದಲ ಮೇಜಿನಲ್ಲಿ ಉಚ್ಚಂಗಿ ಅಮ್ಮನ ಪೂರ್ತಿ ಮುಖ ಕಂಡಿತು. ಉಚ್ಚಂಗೆಮ್ಮ ಕೆನ್ನೆ ಮುಟ್ಟಿಕೊಂಡು ತಪ್ಪಾಯಿತೆಂದಳು.

“ಒಂದು ವಿಷ್ಯ ಅಕ್ಕ,” ಎಂದಳು ತೇಜಶ್ರೀ, “ಮೇಜು ಬೇರೆ ಆದ್ರೂ ಕಾಪಿ ಮಾಡಿದ್ದು ಮಾತ್ರ ಎಲ್ಲಾ ಮೇಜಿಗೂ ಒಂದೇ. ವಿಂಡೋಸ್ ಕೀ ಹಿಡಿದು ‘ವಿ’ ಒತ್ತಿದ್ರೆ ಹಿಂದೆ ಕಾಪಿ ಮಾಡಿದ್ದೆಲ್ಲ ಸಾಲಾಗಿ ನಿಲ್ತಾವೆ, ಬೇಕಾದ್ದು ಆರಿಸ್ಕೋಬಹುದು. ನೋಡ್ಕೊಂಡು ಆರಿಸ್ರಿ.”

ಉಚ್ಚಂಗೆಮ್ಮ ಹೂಂ ಎಂದಳು. ಮನಸ್ಸು ಆಗಲೇ ದೇವಸಮುದ್ರದಲ್ಲಿತ್ತು.

ಫೋನು ಮಾಡಿದ ಮಾರನೆಯ ದಿನವೇ ರಂಗಕ್ಕ ಬಂದಳು. ಕುರ್ಚಿಯಲ್ಲಿ ಕೂರುವ ಮೊದಲು ಪರದೆಯನ್ನು ಅನುಮಾನದಿಂದ ನೋಡಿದಳು.

“ಮರುಳಪ್ಪ ಎಲ್ಲಿ?”

“ಆಚೆ ಮನೇಲವ್ರೆ.”

“ಈ ಕಡೆ ಬರಲ್ಲ ತಾನೇ?”

“ನಾನು ಕರೀದೆ ಬರಲ್ರಿ.”

ರಂಗಕ್ಕ ಪರದೆಯ ಅಂಚಿಗೆ ಅರಿಶಿನ ಕುಂಕುಮ ಹಚ್ಚಿ, ತೋರಣದ ಮೇಜಿನ ಮುಂದೆ ಮೊಮ್ಮಗಳ ಹೆಸರು ಬರೆಸಿದಳು. ಹೋಗುವಾಗ ಬಸ್ಸಿನಲ್ಲೆಲ್ಲ ಸಾರಿಕೊಂಡೇ ಹೋಗಿರಬೇಕು. ಆ ತಿಂಗಳಿಂದ ಬಂದವರೆಲ್ಲ, “ನಮ್ದು ತೋರಣದ ಮೇಜಿನಾಗೆ ಮಾಡವ್ವ” ಎಂದು ಕೇಳತೊಡಗಿದರು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಪಕ್ಕದ ಹಳ್ಳಿಯ ಹಾಲಿನ ಸೊಸೈಟಿಗೆ ಚುನಾವಣೆ ಬಂತು. ನಿರ್ದೇಶಕ ಸ್ಥಾನಕ್ಕೆ ನಿಂತ ಕ್ಯಾತಣ್ಣ ಮತ್ತು ತಿಪ್ಪೇರುದ್ರ ಇಬ್ಬರೂ ಬ್ಯಾನರ್ ಮಾಡಿಸಲು ಒಂದೇ ಬಸ್ಸಿಗೆ ಬಂದಿಳಿದರು. ಬದುವಿನ ಜಗಳ ಹತ್ತಿ ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು.

“ಇವ್ನಿರೋ ಮೇಜಿನಾಗೆ ನಂದು ಬ್ಯಾಡ” ಎಂದ ಕ್ಯಾತಣ್ಣ.

“ನಾನೇನು ಇವ್ನ ಮೇಜಿಗೆ ಕುಣ್ಕೊಂಡು ಬಂದಿದೀನಾ?” ಎಂದ ತಿಪ್ಪೇರುದ್ರ, ಗೋಡೆಯನ್ನು ನೋಡುತ್ತ.

ಉಚ್ಚಂಗೆಮ್ಮ ಇನ್ನೆರಡು ಮೇಜು ತೆರೆದಳು. ಒಬ್ಬನದು ತೆರೆದಾಗ ಇನ್ನೊಬ್ಬ ರಸ್ತೆಗೆ ಮುಖ ಮಾಡಿ ಕೂರಬೇಕೆಂದು ಕಟ್ಟಪ್ಪಣೆ ಮಾಡಿದಳು. ಕೆಲಸ ಹಾಗೇ ನಡೆಯಿತು. “ಕ್ಯಾತಣ್ಣ, ತಿರುಗು. ತಿಪ್ಪೇರುದ್ರ, ನೀನು ಆಚೆ ನೋಡು.” ಪಕ್ಕದ ಅಂಗಡಿಯಲ್ಲಿ ಕ್ಷೌರಕ್ಕೆ ಬಂದವರು ಅರ್ಧ ಗಡ್ಡದಲ್ಲೇ ಎದ್ದು ಬಂದು ನೋಡಿದರು.

ತಿಪ್ಪೇರುದ್ರನಿಗೆ ಒಂದು ಹೊಸ ಯೋಚನೆ ಬಂದಿತ್ತು. ‘ಗೆದ್ದರೆ ಪ್ರತಿ ಗುರುವಾರ ದನದ ಡಾಕ್ಟರನ್ನು ಊರಿಗೇ ಕರೆಸುವೆ’ ಎಂದು ಬರೆಸಿದ. ಮೇಲಿದ್ದ ಆ ಸಾಲನ್ನು ಫೋಟೋದ ಕೆಳಗೆ ಹಾಕೆಂದ. ಉಚ್ಚಂಗೆಮ್ಮ ಕಾಪಿ ಮಾಡಿ ಹಾಕಿದಳು. ಮುಂದೆ ಕ್ಯಾತಣ್ಣನ ಸರದಿ. ‘ನಿಮ್ಮ ಮನೆಮಗ, ನಿಮ್ಮ ಸೇವೆಗೆ’ ಎಂಬ ಅವನ ಸಾಲನ್ನೂ ಕೆಳಗೆ ಇಳಿಸಬೇಕಿತ್ತು. ಅದನ್ನು ಮೇಲಿನಿಂದ ಕಟ್ ಮಾಡಿ, ಕಾಪಿ ಮಾಡಿದವುಗಳ ಸಾಲು ತೆರೆದಳು. ಅದೇ ಹೊತ್ತಿಗೆ ರಸ್ತೆಯ ಕಡೆ ಕೂತ ತಿಪ್ಪೇರುದ್ರ ಕದ್ದು ಇತ್ತ ನೋಡಿದ. “ಲೇ, ಆ ಕಡೆ ನೋಡಲೇ!” ಎಂದು ಕ್ಯಾತಣ್ಣ ಕಿರುಚಿದ. ಉಚ್ಚಂಗೆಮ್ಮ ಇಬ್ಬರನ್ನೂ ಬೈಯುತ್ತ ಒಂದನ್ನು ಒತ್ತಿದಳು. ಕನ್ನಡಕ ಮರೆತು ಬಂದಿದ್ದ ಕ್ಯಾತಣ್ಣ ತನ್ನ ಫೋಟೋ ಮಾತ್ರ ನೋಡಿ, “ಭೇಷ್” ಎಂದ.

ಚಳ್ಳಕೆರೆಯಲ್ಲಿ ಮುದ್ರಣವಾದ ಬ್ಯಾನರುಗಳು ಸೊಸೈಟಿಯ ಮುಂದೆ ಎದುರುಬದುರು ಏರಿದವು. ಬೆಳಿಗ್ಗೆ ಹಾಲು ಹಾಕಲು ಬಂದವರು ಒಂದನ್ನು ಓದಿ, ತಿರುಗಿ ಇನ್ನೊಂದನ್ನು ಓದಿದರು. ಎರಡರಲ್ಲೂ ಗುರುವಾರ ದನದ ಡಾಕ್ಟರು.

ಹತ್ತು ಗಂಟೆಯ ಬಸ್ಸಿಗೆ ಇಬ್ಬರೂ ತಳಕಿಗೆ ಬಂದರು.

“ನನ್ನ ಡಾಕ್ಟ್ರುನ್ನ ಕದ್ದವ್ನೆ!” ಎಂದ ತಿಪ್ಪೇರುದ್ರ.

“ನಾನು ಕೇಳೇ ಇಲ್ಲ! ನನ್ನ ಮನೆಮಗ ಎಲ್ಲೋದ?” ಎಂದ ಕ್ಯಾತಣ್ಣ.

ಉಚ್ಚಂಗೆಮ್ಮ ಎರಡೂ ಬ್ಯಾನರಿನ ಫೈಲು ತೆರೆದು ನೋಡಿದಳು. ಎರಡರಲ್ಲೂ ಅದೇ ಡಾಕ್ಟರು. ಊರಿನ ತಪ್ಪನ್ನೆಲ್ಲ ತಿದ್ದಿದವಳ ಕೈಯಲ್ಲೇ ಹೀಗಾಗಿತ್ತು. ಆದರೂ ಸುತ್ತಿ ಬಳಸಿ ಮಾತಾಡಲಿಲ್ಲ.

“ತಪ್ಪು ನಂದು. ಮೇಜು ಬೇರೆ ಮಾಡ್ದೆ, ಕಾಪಿ ಒಂದೇ ಅಂತ ಮರ್ತೆ. ಹೊಸ ಬ್ಯಾನರ್ ನಾನೇ ಹಾಕ್ಸಿಕೊಡ್ತೀನಿ. ಆ ಡಾಕ್ಟ್ರು ಸಾಲು ಯಾರ್ದು ತೆಗೀಲಿ, ಹೇಳ್ರಿ.”

“ಅವ್ನು ತೆಗೀಲಿ” ಎಂದ ತಿಪ್ಪೇರುದ್ರ.

ಕ್ಯಾತಣ್ಣ ತೆಗಿ ಎನ್ನಹೊರಟವನು ಲೆಕ್ಕ ಹಾಕಿದ. ಬೆಳಿಗ್ಗೆ ಆಗಲೇ ಹೆಂಗಸರು ಅವನನ್ನು ನಿಲ್ಲಿಸಿ, “ಒಳ್ಳೇದು ಬರೆಸಿದೀಯಪ್ಪ” ಎಂದಿದ್ದರು. ಈಗ ತೆಗೆದರೆ ಡಾಕ್ಟರು ಬೇಡವೆಂದ ಹಾಗಾಗುತ್ತದೆ. “ನಾನ್ಯಾಕೆ ತೆಗೀಲಿ? ಇರ್ಲಿ. ದನ ಎಲ್ಲಾರಿಗೂ ಅವೆ” ಎಂದ. ತಿಪ್ಪೇರುದ್ರನಿಗೂ ಲೆಕ್ಕ ಹೊಳೆಯಿತು. “ನಂದೂ ಇರ್ಲಿ” ಎಂದ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಒಂದೇ ಬಸ್ಸಿಗೆ ಹೋದರು.

ಸ್ಥಾನಗಳು ಹಲವಿದ್ದವು, ಇಬ್ಬರೂ ಗೆದ್ದರು. ಮೊದಲ ಸಭೆಯಲ್ಲೇ, ಕೆಚ್ಚಲು ಬಾವಿನ ಹಸು ಕಟ್ಟಿಕೊಂಡಿದ್ದ ದುರುಗಕ್ಕ ಎಂಬ ಹೆಂಗಸು ಎದ್ದು ನಿಂತು, “ಗುರುವಾರ ಯಾವಾಗ?” ಎಂದು ಕೇಳಿದಳು. ಕ್ಯಾತಣ್ಣ ತಿಪ್ಪೇರುದ್ರನ ಕಡೆ ನೋಡಿದ, ತಿಪ್ಪೇರುದ್ರ ಕ್ಯಾತಣ್ಣನ ಕಡೆ. ಮರುದಿನವೇ ಇಬ್ಬರೂ ಬೇರೆ ಬೇರೆ ಅರ್ಜಿ ಹಿಡಿದು ಪಶು ಆಸ್ಪತ್ರೆಗೆ ಓಡಿದರು. ಒಬ್ಬ ಬಿಟ್ಟಿದ್ದರೆ ಇನ್ನೊಬ್ಬ ಊರಲ್ಲೆಲ್ಲ ಡಂಗುರ ಹೊಡೆಯುತ್ತಿದ್ದ. ಹಾಗಾಗಿ ಯಾರೂ ಬಿಡಲಿಲ್ಲ. ಈಗ ಗುರುವಾರ ಗುರುವಾರ ಡಾಕ್ಟರು ಬರುತ್ತಾರೆ. ದುರುಗಕ್ಕನ ಹಸುವೂ ಚೇತರಿಸಿಕೊಂಡಿದೆ.

ಉಚ್ಚಂಗೆಮ್ಮ ಈಗ ಗಿರಾಕಿ ಎದ್ದುಹೋದ ಕೂಡಲೇ ಕಾಪಿಯ ಸಾಲು ಪೂರ್ತಿ ಅಳಿಸುತ್ತಾಳೆ. ಮೊನ್ನೆ ಗುರುವಾರ ಗಾದ್ರಪ್ಪ ಕೆಮ್ಮುವ ಟಗರೊಂದನ್ನು ಡಾಕ್ಟರು ಬರುವ ಆ ಹಳ್ಳಿಗೆ ಕರೆದೊಯ್ದಿದ್ದ. ಬಂದವನು ಅಂಗಡಿಯ ಹೊಸ್ತಿಲ ಮೇಲೆ ಕೂತು ಹೇಳಿದ:

“ಕ್ಯಾತಣ್ಣ ಒಂದು ಕೊಂಬು, ತಿಪ್ಪೇರುದ್ರ ಒಂದು ಕೊಂಬು ಹಿಡ್ಕೊಂಡ್ರು ಕಣೆ. ನಾನು ಹಿಡೀತೀನಿ, ನಾನು ಹಿಡೀತೀನಿ ಅಂತ. ಡಾಕ್ಟ್ರಿಗೆ ಟಗರೇ ಕಾಣ್ಲಿಲ್ಲ. ಕೊನೆಗೆ ಟಗರು ಇಬ್ರನ್ನೂ ಗುಮ್ಮಿ ತಿಪ್ಪೆಗೆ ಕೆಡವ್ತು. ಎದ್ದೇಳೋವಾಗ ಕ್ಯಾತಣ್ಣ ತಾನಾಗೇ ಕೈ ಚಾಚಿ ತಿಪ್ಪೇರುದ್ರನ್ನ ಎಬ್ಬಿಸ್ದ.”

“ಮಾತಾಡಿದ್ರಾ?”

“ಹೂಂ. ‘ನೋಡ್ಕೊಂಡು ಹಿಡೀಬಾರ್ದೇನ್ಲೇ’ ಅಂದ.”

ಉಚ್ಚಂಗೆಮ್ಮ ನಗುತ್ತ ಟೈಪ್ ಮಾಡುತ್ತಿದ್ದ ನಾಮಕರಣದ ಕಾರ್ಡಿನಲ್ಲಿ ಕೂಸಿನ ಹೆಸರು ತಪ್ಪಿ ಹೋಯಿತು. ಅಳಿಸಿ ಮತ್ತೆ ಬರೆದಳು.