ಹೆಬ್ಬೆರಳ ಕೆಳಗಿನ ಅಳತೆ

ಆರ್ಕೆಸ್ಟ್ರಾ ಎಂದುಕೊಂಡೇ ಅಪ್ಪ ನನ್ನ ಜೊತೆ ಬೀದರಿಗೆ ಬಂದರು. ನಾನು ತಿದ್ದಲಿಲ್ಲ. ಔರಾದದಿಂದ ಹೊರಟ ಬಸ್ಸಿನಲ್ಲಿ ಅವರು ಅಂಗಿಯ ಜೇಬನ್ನು ಎರಡು ಸಲ ಮುಟ್ಟಿ ನೋಡಿಕೊಂಡರು. ಒಂದು ಪೆನ್ನು, ಮಡಿಚಿದ ಕೆಲವು ಚೀಟಿಗಳು. ನಮ್ಮ ಕಡೆ ಆರ್ಕೆಸ್ಟ್ರಾಕ್ಕೆ ಹೋದವರು ತಮಗೆ ಬೇಕಾದ ಹಾಡಿನ ಫರ್ಮಾಯಿಷನ್ನು ಚೀಟಿಯಲ್ಲಿ ಬರೆದು ಮುಂದೆ ಕೂತವರ ಕೈಗೆ ಕೊಡುತ್ತಾರೆ. ಅದು ಕೈಯಿಂದ ಕೈಗೆ ದಾಟಿ ವೇದಿಕೆ ಮುಟ್ಟುತ್ತದೆ. ಕೆಳಗೆ ಊರಿನ ಹೆಸರಿರಲೇಬೇಕು. ಅಪ್ಪನಿಗೆ ಇದರಲ್ಲಿ ವರ್ಷಗಳ ಅಭ್ಯಾಸ.

"ಹಳೀ ಹಾಡ ಹಾಡ್ತಾರಲ್ಲ?" ಎಂದು ಕೇಳಿದರು.

"ಗೊತ್ತಿಲ್ರಿ ಅಪ್ಪಾ."

ಗೊತ್ತಿತ್ತು. ಹಾಡುವವಳು ಭಾಲ್ಕಿಯವಳು, ವಿಶ್ವವಿದ್ಯಾಲಯದ ಹಾಸ್ಟೆಲ್ಲಿನಲ್ಲಿ ನನ್ನದೇ ಕೋಣೆಯಲ್ಲಿದ್ದ ಗೆಳತಿ. ನಾಲ್ಕು ಜನರ ಬ್ಯಾಂಡು, ಹಾಡುಗಳೆಲ್ಲ ಅವರೇ ಕಟ್ಟಿದವು. ಏನೇನಿರುತ್ತದೆ ಎಂದು ಅವಳು ಮೊದಲೇ ಬರೆದಿದ್ದಳು: "ಸಿನಿಮಾ ಹಾಡ ಒಂದೂ ಇಲ್ಲ. ನಡುನಡುವ ಸುಮ್ಮ ನಿಂತಿರ್ತೇವಿ, ಕರೆಂಟ್ ಹೋಯ್ತಂತ ಎದ್ದು ಹೋಗಬ್ಯಾಡ." ನಾನು ಅಪ್ಪನಿಗೆ ಹೇಳದೆ ಉಳಿಸಿದ್ದು ಇದೊಂದೇ ಅಲ್ಲ. ಮೂರನೆಯ ಹಾಡಿನ ಮಾತುಗಳು ನನ್ನವು. ಎಲ್ಲಿಯೂ ನನ್ನ ಹೆಸರು ಹೇಳಬಾರದೆಂಬ ಷರತ್ತಿನ ಮೇಲೆ ಕೊಟ್ಟಿದ್ದೆ. ಏಕೆಂದರೆ ಆ ಹಾಡು ಅಪ್ಪನ ಬಗ್ಗೆ.

ಅಪ್ಪ ಟೇಲರ್. ಏಳನೆಯ ತರಗತಿಯವರೆಗೆ ನನ್ನ ಅಳತೆಯನ್ನೂ ಅವರೇ ತೆಗೆಯುತ್ತಿದ್ದರು. ಒಂದು ದಿನ ಟೇಪನ್ನು ಅವ್ವನ ಕೈಗಿಟ್ಟು ಮುಖ ತಿರುಗಿಸಿ ಮಶೀನಿನ ಮುಂದೆ ಕೂತರು. ಅಂದಿನಿಂದ ಅವ್ವ ನನ್ನನ್ನು ಪರದೆಯ ಆಚೆ ಕರೆದುಕೊಂಡು ಹೋಗಿ ಅಳೆಯತೊಡಗಿದಳು. ಅವಳಿಗೆ ಅಂಕಿ ಓದಲು ಬಾರದು. ಅಳತೆ ಮುಗಿದ ಜಾಗದ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಹಾಗೆಯೇ ಹೊರಗೆ ಹೋಗುತ್ತಿದ್ದಳು. ಅಪ್ಪ ಅವಳ ಹೆಬ್ಬೆರಳನ್ನು ಸರಿಸಿ ಕೆಳಗಿನ ಅಂಕಿ ಬರೆದುಕೊಳ್ಳುತ್ತಿದ್ದರು. ಎದೆ, ಸೊಂಟ, ತೋಳು. ಪ್ರತಿಯೊಂದಕ್ಕೂ ಒಂದು ಸಲ ಒಳಗೆ, ಒಂದು ಸಲ ಹೊರಗೆ. ನಮ್ಮ ಮನೆಯ ಹೊರತು ಇದು ಬೇರೆಲ್ಲೂ ಇರಲಾರದು.

ಅವರು ಮುಖ ತಿರುಗಿಸಿದ ಆ ದಿನವನ್ನು, ಅಪ್ಪ ನನ್ನನ್ನು ದೂರ ಮಾಡಿದ ದಿನವೆಂದು ನಾನು ಹಾಡಿನಲ್ಲಿ ಬರೆದಿದ್ದೆ. ಅವರ ಕಿವಿಗೆ ಬೀಳಲಾರದೆಂದು ನಂಬಿ ಬರೆದಿದ್ದೆ. "ಒಬ್ಬಾಕಿ ಹ್ಯಾಂಗ ಹೋಗ್ತಿ, ನಾನೂ ಬರ್ತೇನಿ" ಎಂದು ಅವರು ಹೊರಟಾಗ, ಕಾರಣ ಹೇಳದೆ ಬೇಡ ಎನ್ನುವ ದಾರಿ ನನಗೆ ಸಿಗಲಿಲ್ಲ.

ಮಧ್ಯಾಹ್ನದ ಕಾರ್ಯಕ್ರಮ, ಸಭಾಂಗಣ ಅರ್ಧ ತುಂಬಿತ್ತು. ಮೊದಲ ಹಾಡಿನಲ್ಲಿ ಗೆಳತಿ ಮುಖದ ಮೇಲೆ ಓಢಣಿ ಹಾಕಿಕೊಂಡು ನಿಂತಿದ್ದಳು. ಸ್ಪೀಕರಿನಿಂದ ಬಸ್ ನಿಲ್ದಾಣದ ಗದ್ದಲ ಬರುತ್ತಿತ್ತು. ಹಿಂದಿನ ಸಾಲಿನವರೊಬ್ಬರು, "ಮೈಕ್ ಟೆಸ್ಟಿಂಗ್ ಇನ್ನಾ ಮುಗ್ದಿಲ್ಲೇನ್ರಿ?" ಎಂದರು. ಅಪ್ಪ ನನ್ನ ಕಡೆ ಬಾಗಿ, "ಇರಲಿ ಬಿಡು, ಗಂಟಲ ಹದಕ್ಕ ಬರ್ಬೇಕು" ಎಂದು ಅವಳ ಪರ ವಹಿಸಿದರು.

ಮೂರನೆಯ ಹಾಡಿಗೆ ವೇದಿಕೆಗೆ ಅಡ್ಡಲಾಗಿ ಒಂದು ಪರದೆ ಬಂತು. ಡ್ರಮ್ ಬಾರಿಸುವವನು ಕೋಲು ಕೆಳಗಿಟ್ಟು ದೊಡ್ಡ ಕತ್ತರಿ ಎತ್ತಿಕೊಂಡ. ಮೈಕಿನ ಮುಂದೆ ಬಟ್ಟೆ ಕತ್ತರಿಸತೊಡಗಿದ. ಕರ್ ಕರ್ ಎಂಬ ಆ ಸದ್ದೇ ತಾಳ. ನಾನು ಕೊಟ್ಟದ್ದು ಮಾತುಗಳನ್ನು ಮಾತ್ರ. ಹೀಗೆ ಆಡಿ ತೋರಿಸುತ್ತಾರೆಂದು ಯಾರೂ ಹೇಳಿರಲಿಲ್ಲ.

"ಲೇ, ಇದು ಆರ್ಕೆಸ್ಟ್ರಾ ಅಲ್ಲೋ, ಟೇಲರ್ ದುಕಾನ ಅದ!" ಹಿಂದಿನಿಂದ ಕೂಗು. ನಗೆ, ಒಂದು ಸಿಳ್ಳೆ.

ಪರದೆಯ ಸಂದಿಯಿಂದ ಒಂದು ಕೈ ಹೊರಬಂತು. ಕೈಯಲ್ಲಿ ಟೇಪು, ಟೇಪಿನ ಮೇಲೆ ಒತ್ತಿ ಹಿಡಿದ ಹೆಬ್ಬೆರಳು.

ಅಪ್ಪನ ಮುಖ ನೋಡಲು ನನಗಾಗಲಿಲ್ಲ. ಕಾಲು ನೋಡಿದೆ. ಕತ್ತರಿಯ ತಾಳಕ್ಕೆ, ಮಶೀನು ತುಳಿಯುವಂತೆ, ಅವರ ಬಲಗಾಲು ಅಷ್ಟು ಹೊತ್ತು ಆಡುತ್ತಿತ್ತು. ಈಗ ನಿಂತಿತು.

ಹಾಡು ಮುಗಿದಾಗ ಅವರು ಪೆನ್ನು ತೆಗೆದರು. ಪರೀಕ್ಷೆಯಲ್ಲಿ ಮಕ್ಕಳು ಮರೆಮಾಡುವಂತೆ ಎಡಗೈ ಅಡ್ಡವಿಟ್ಟು ಬರೆದರು.

"ಏನ್ ಬರ್ದೀರಿ ಅಪ್ಪಾ?"

"ಫರ್ಮಾಯಿಷ್."

ನಾನು ಕೈ ಚಾಚುವಷ್ಟರಲ್ಲಿ ಚೀಟಿ ಎರಡು ಸಾಲು ದಾಟಿ ಹೋಗಿತ್ತು. ಬ್ಯಾಂಡಿನ ಉಳಿದ ಮೂವರು ಹೊರಗಿನವರು, ಇದೇನೆಂದು ಒಬ್ಬರನ್ನೊಬ್ಬರು ನೋಡಿದರು. ಭಾಲ್ಕಿಯವಳಿಗೆ ಈ ಪದ್ಧತಿ ಗೊತ್ತು. ನಗುತ್ತಲೇ ಬಿಡಿಸಿ, ಮೈಕಿನಲ್ಲಿ ಓದಲು ಶುರುಮಾಡಿದಳು. ಎರಡನೆಯ ವಾಕ್ಯಕ್ಕೆ ಅವಳ ದನಿ ನಿಧಾನವಾಯಿತು.

"'ಹಾಡ ಛಲೋ ಅದ. ಒಂದು ತಪ್ಪದ. ಅಪ್ಪ ಮುಖ ತಿರುಗಿಸಿದ್ದು ಆಮ್ಯಾಲ. ಮೊದಲ ಹಿಂದ ಸರ್ದಾಕಿ ಮಗಳು. ತಿದ್ದಿ ಮತ್ತೊಮ್ಮಿ ಹಾಡ್ರಿ. ಔರಾದ.'"

ಸಭಾಂಗಣ ನಕ್ಕಿತು. "ಔರಾದದವರೇ, ನೀವೇನ್ ಅಲ್ಲೇ ಪರದೇದ ಹಿಂದ ಇದ್ರೇನು?" ಎಂದು ಯಾರೋ ಕೆಣಕಿದರು. ಅಪ್ಪ ನಗಲಿಲ್ಲ, ತಿರುಗಿಯೂ ನೋಡಲಿಲ್ಲ. ಅವರಿಗೆ ತಿಳಿದುಬಿಡುತ್ತದೆ ಎಂಬುದಕ್ಕೆ ನಾನು ಹೆದರಿದ್ದೆ. ನನಗೆ ತಿಳಿಯದ್ದು ಅವರ ಬಳಿ ಇದೆ ಎಂದು ಎಣಿಸಿರಲಿಲ್ಲ.

ಗೆಳತಿ ಕಣ್ಣಲ್ಲೇ ನನ್ನನ್ನು ಹುಡುಕಿದಳು. ನಾನು ತಲೆಯಾಡಿಸಿದೆ. ಹೌದೆಂದೋ ಅಲ್ಲವೆಂದೋ ನನಗೇ ಗೊತ್ತಿರಲಿಲ್ಲ. ಅವರು ಮತ್ತೆ ಹಾಡಿದರು. ಅಪ್ಪ ಮುಖ ತಿರುಗಿಸುವ ಸಾಲು ಬಂದಾಗ ಅವಳು ಹಾಡದೆ ನಿಂತಳು. ಕತ್ತರಿಯ ಸದ್ದು ಮಾತ್ರ ಇತ್ತು.

ಬಿಸಿಲಿರುವಾಗಲೇ ಬಸ್ ನಿಲ್ದಾಣಕ್ಕೆ ಬಂದೆವು.

"ಆ ಹುಡುಗಗ ಕತ್ತರಿ ಹಿಡಿಯೂದ ಬರಲ್ಲ. ಛಲೋ ಅರಿಬಿ ಹಾಳ ಮಾಡ್ದ" ಎಂದರು ಅಪ್ಪ.

"ನಾ ಸರ್ದಿದ್ದೇನ್ರಿ ಅಪ್ಪಾ?"

ಅವರು ಔರಾದದ ಬಸ್ಸು ಬರುವ ಕಡೆಗೇ ನೋಡುತ್ತಿದ್ದರು. "ಹಸರ ಲಂಗ, ಜಂಪರ. ಸಾಲಿ ಗ್ಯಾದರಿಂಗಿಗೆ ಹೊಲಿಯೂದಿತ್ತು. ಹೆಗಲ ಮ್ಯಾಲ ಟೇಪ್ ಇಟ್ಟೆ, ಒಂದ್ ಹೆಜ್ಜಿ ಹಿಂದ ಸರ್ದಿ. ಮತ್ತ ಮುಂದ ಬರ್ತೀ ಏನಂತ ನಿಂತೆ. ಬರ್ಲಿಲ್ಲ. ನಿನಗ ಸಂಕೋಚ ಆಗಬಾರ್ದಂತ ನಿಮ್ಮವ್ವನ ಕೈಯಾಗ ಕೊಟ್ಟೆ."

ಹಸಿರು ಲಂಗ ನನಗೆ ನೆನಪಿದೆ. ಅಂಚಿನ ಹಳದಿ ಪಟ್ಟಿ, ಒಳಮಡಿಕೆಯಲ್ಲಿ ಉಳಿದುಬಿಟ್ಟಿದ್ದ ಚಾಕಿನ ಗೆರೆ, ಎಲ್ಲವೂ. ಆ ಒಂದು ಹೆಜ್ಜೆ ಇಲ್ಲ. ಎಷ್ಟು ಹುಡುಕಿದರೂ ಇಲ್ಲ.

ಬಸ್ಸು ಬಂತು. ಅಪ್ಪ ನುಗ್ಗಿ ಹತ್ತಿ, ಕಿಟಕಿಯ ಸೀಟಿಗೆ ಕರವಸ್ತ್ರ ಹಾಕಿ ನನಗೆ ಹಿಡಿದಿಟ್ಟರು. ಕೂತೆವು. ಎಂದಿನಂತೆ ನಮ್ಮ ನಡುವೆ ಒಂದು ಗೇಣು ಜಾಗ ಉಳಿಯಿತು. ಈ ಸಲ ಅದನ್ನು ನೋಡಿದೆ. ಅಪ್ಪ ತಮ್ಮ ಸೀಟಿನಲ್ಲಿ ಸರಿಯಾಗಿ ನಡುವೆಯೇ ಕೂತಿದ್ದರು. ಕಿಟಕಿಯ ಸರಳಿಗೆ ಅಂಟಿಕೊಂಡಿದ್ದದ್ದು ನಾನು.